ಮೂರನೆಯ ಸಾಲಿನ ಮಂದ್ರ

ಕುಮ್-ಗಾರೆಗ್
೩ ಫೆಬ್ರವರಿ ೧೯೨೭

ರೆವರೆಂಡ್ ಗೆಥಿನ್ ಅವರಿಗೆ,

ನೀವು ಕ್ಷೇಮವೆಂದು ನಂಬುತ್ತೇನೆ. ನಾನೂ ಕ್ಷೇಮವಾಗಿದ್ದೆ, ಕಳೆದ ಭಾನುವಾರದವರೆಗೆ. ಅಂದು ನಿಮ್ಮ ಸಮಿತಿಯ ಹೊಸ ಸ್ತೋತ್ರಪುಸ್ತಕದ ಕಟ್ಟು ನಮ್ಮ ಪ್ರಾರ್ಥನಾಮಂದಿರಕ್ಕೆ ಬಂತು. ಸಭೆಯ ಹಿರಿಯ ಸಿಲಿನ್ ದಾರ ಬಿಚ್ಚಿ, ಒಂದು ಪ್ರತಿ ಎತ್ತಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತಾ ಆರ್ಗನ್ನಿನ ಬಳಿ ಬಂದ.

"ಮಾರೆಡಕ್ಕ, ನಿಮ್ ರಾಗಕ್ಕೆ ಯಾರೋ ಮೀಸೆ ಬರ್ದಿದಾರೆ ನೋಡಿ," ಎಂದ.

ನಾನು ನಕ್ಕೆ. ಪುಸ್ತಕ ಕೈಗೆ ಬಂದ ಮೇಲೆ ನಗು ನಿಂತಿತು.

ನನ್ನ ಹೆಸರು ಮಾರೆಡ್ ಪೆನ್ರಿ. ಮೂವತ್ತು ವರ್ಷದಿಂದ ಇಲ್ಲಿ ಆರ್ಗನ್ ನುಡಿಸುತ್ತಿದ್ದೇನೆ. ನಿಮ್ಮ ಹೆಂಡತಿ ಕಾತ್ರಿನ್ ನನ್ನ ಗಂಡನ ತಂಗಿ. ಅವಳು ಈ ಊರು ಬಿಟ್ಟ ಮೇಲೆ ನಮ್ಮಿಬ್ಬರ ನಡುವೆ ಒಂದು ಕಾಗದವೂ ಓಡಾಡಿಲ್ಲ, ಆದ್ದರಿಂದ ನನ್ನ ವಿಷಯ ನಿಮಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಪುಸ್ತಕದಲ್ಲಿ 'ಪ್ಲಾಸ್-ಹೈಲೊಗ್' ಎಂದು ಅಚ್ಚಾಗಿರುವ ರಾಗ ನಾನು ಕಟ್ಟಿದ್ದು. ಅದರ ಹೆಸರು 'ನಂತ್-ಓಯರ್'. ನಮ್ಮ ಸ್ಲೇಟುಗಣಿಯ ಬಾಯಿಯ ಪಕ್ಕದಲ್ಲಿ ಹರಿಯುವ ತಣ್ಣನೆಯ ಹಳ್ಳದ ಹೆಸರು ಅದು. ಪ್ಲಾಸ್-ಹೈಲೊಗ್ ಎಂದರೆ ಬಿಸಿಲಿನ ಬಂಗಲೆ; ವಿಚಾರಿಸಿದರೆ, ಲಿವರ್‌ಪೂಲಿನ ನಿಮ್ಮ ಮನೆಯ ಬಾಗಿಲ ಮೇಲೆ ಅದನ್ನೇ ಕೆತ್ತಿದೆಯಂತೆ. ನಮ್ಮ ಹಳ್ಳಕ್ಕೆ ಚಳಿಗಾಲವಿಡೀ ಬಿಸಿಲೇ ತಾಗುವುದಿಲ್ಲ, ಸ್ವಾಮಿ. ಕೂಸು ನನ್ನದು, ಹೆಸರಿಟ್ಟು ತೂಗಿದವರು ನೀವು!

ಹೆಸರಿನ ಕೆಳಗೆ 'ಹಳೆಯ ಜನಪದ ಧಾಟಿ' ಎಂದಿದೆ. ನನಗೆ ಐವತ್ತನಾಲ್ಕು ವರ್ಷ. ಹಳೆಯವಳೆಂದರೆ ಒಪ್ಪಿಕೊಳ್ಳುತ್ತೇನೆ, ಜನಪದ ನಾನಲ್ಲ. ಅದರ ಕೆಳಗೆ 'ದನಿಗಳನ್ನು ಜೋಡಿಸಿದವರು ರೆವರೆಂಡ್ ಗೆಥಿನ್' ಎಂದಿದೆ. ಅದರ ಕೆಳಗೆ ಸುಗ್ಗಿಯ ಪದ್ಯ! ಸತ್ತವರಿಗಾಗಿ ಕಟ್ಟಿದ ರಾಗ ಅದು. ಈ ಕಣಿವೆಯಲ್ಲಿ ನಾವು ಕೊಯ್ಯುವುದು ಕಲ್ಲನ್ನು ಮಾತ್ರ, ಕಲ್ಲಿಗೆ ಸುಗ್ಗಿಯಿಲ್ಲ.

ಇಷ್ಟನ್ನೂ ಹಲ್ಲು ಕಚ್ಚಿ ನುಂಗಿಕೊಳ್ಳಬಹುದಿತ್ತು. ಮೂರನೆಯ ಸಾಲನ್ನು ನುಂಗಲಾರೆ. ನನ್ನ ರಾಗದಲ್ಲಿ ಮೂರನೆಯ ಸಾಲಿಗೆ ಮಂದ್ರದವರು, ಕೆಳದನಿಯ ಗಂಡಸರು, ಹಾಡುವುದಿಲ್ಲ. ಮೇಲಿನ ಮೂರು ದನಿಗಳು ಮಾತ್ರ ಹಾಡುತ್ತವೆ, ನಾಲ್ಕನೆಯ ಸಾಲಿನಲ್ಲಿ ಮಂದ್ರ ಮರಳುತ್ತದೆ. ನೀವು ಆ ಖಾಲಿ ಜಾಗವನ್ನು ತುಂಬಿಬಿಟ್ಟಿದ್ದೀರಿ. ಅದಾದರೂ ನೆಟ್ಟಗಿದೆಯೇ? ಎಲ್ಲರಿಗಿಂತ ಕೆಳಗೆ ಬಿದ್ದು, ಅಲ್ಲಿಂದ ಅವಸರವಸರವಾಗಿ ಹತ್ತಿ, ಉಳಿದ ಮೂವರು ಇನ್ನೂ ದಾರಿಯಲ್ಲಿರುವಾಗಲೇ ಒಂದು ಮಾತ್ರೆ ಮೊದಲು ಹೋಗಿ ಕೊನೆಯ ಸ್ವರದ ಮೇಲೆ ಕೂತಿರುತ್ತದೆ, ಅಡುಗೆಯಾಗುವ ಮೊದಲೇ ಊಟಕ್ಕೆ ಕೂತ ನೆಂಟನ ಹಾಗೆ. ನನ್ನ ಬಳಿ ಕಲಿಯುವ ಮಕ್ಕಳು ಹೀಗೆ ಬರೆದರೆ ಅಳಿಸಿಸುತ್ತೇನೆ.

ಜೂನ್ ಆರಕ್ಕೆ, ಪೆಂತೆಕೋಸ್ತದ ಸೋಮವಾರ, ಕಣಿವೆಯ ಎಲ್ಲ ಸಭೆಗಳೂ ಸೇರುವ ಹಾಡಿನ ಹಬ್ಬ ಈ ವರ್ಷ ನಮ್ಮಲ್ಲಿ. ಈ ರಾಗವನ್ನೂ ಹಾಡುವುದಕ್ಕೆ ಆರಿಸಿದ್ದಾರೆ. ಆರ್ಗನ್ನಿನ ಮುಂದೆ ಕೂರುವವಳು ನಾನು. ಅಷ್ಟರೊಳಗೆ ತಪ್ಪನ್ನು ತಿದ್ದಿ ಎಲ್ಲ ಸಭೆಗಳಿಗೂ ತಿಳಿಸಬೇಕು. ಇದು ಕೋರಿಕೆಯಲ್ಲ.

ಮಾರೆಡ್ ಪೆನ್ರಿ


ಪ್ಲಾಸ್-ಹೈಲೊಗ್, ಲಿವರ್‌ಪೂಲ್
೧೭ ಫೆಬ್ರವರಿ ೧೯೨೭

ಮಾನ್ಯರಾದ ಮಿಸೆಸ್ ಪೆನ್ರಿ ಅವರಿಗೆ,

ತಮ್ಮ ಪತ್ರ ತಲುಪಿತು. ಅದರ ಬಿಸಿಯನ್ನು ಸಂಗೀತದ ಮೇಲಿನ ಪ್ರೀತಿಯೆಂದೇ ಭಾವಿಸಿ ಕ್ಷಮಿಸಿದ್ದೇನೆ.

ಸದರಿ ಧಾಟಿಯು ನನಗೆ ಅತ್ಯಂತ ವಿಶ್ವಾಸಾರ್ಹರೊಬ್ಬರ ಬಾಯಿಂದ ದೊರೆಯಿತು. ಮೇಲಿನ ದನಿಯನ್ನೂ ಮಂದ್ರವನ್ನೂ ಅವರೇ ಹಾಡಿ ತೋರಿಸಿದರು. ಇದು ನಮ್ಮೂರಿನ ರಾಗ ಎಂದರು. ಯಾರು ಕಟ್ಟಿದ್ದೆಂದು ಕೇಳಿದಾಗ ಉತ್ತರ ಬರಲಿಲ್ಲ. ಉತ್ತರವಿಲ್ಲದ ರಾಗಗಳನ್ನು ಜನಪದವೆನ್ನುವುದು ಸಂಪಾದಕರ ರೂಢಿ. ಹೆಸರಿಲ್ಲದ ರಾಗವನ್ನು ಅಚ್ಚು ಹಾಕುವಂತಿಲ್ಲವಾದ್ದರಿಂದ, ಅದು ದೊರೆತ ಮನೆಯ ಹೆಸರನ್ನೇ ಇಟ್ಟೆ.

ಮೂರನೆಯ ಸಾಲಿನಲ್ಲಿ ಮಂದ್ರವು ಒಂದು ಮಾತ್ರೆ ಮೊದಲೇ ಬರುವುದು ನನಗೂ ಒಪ್ಪಿಗೆಯಿರಲಿಲ್ಲ. ತಿದ್ದಲು ಹೋದಾಗ ಹಾಡಿದವರು ಹಟ ಹಿಡಿದರು. ಅದನ್ನು ಸರಿಸುವುದಾದರೆ ಇಡೀ ರಾಗವನ್ನೇ ಬಿಟ್ಟುಬಿಡಿ ಎಂದರು. ಜನಪದರ ವಿಚಿತ್ರಗಳಿಗೆ ನಾವು ಗೌರವ ಕೊಡಬೇಕಾಗುತ್ತದೆ.

ಆ ಸಾಲಿನಲ್ಲಿ ಮಂದ್ರವು ಮೂಕವಾಗಿರಬೇಕೆಂಬ ತಮ್ಮ ವಾದ ಮಾತ್ರ ನನಗೆ ಅರ್ಥವಾಗಲಿಲ್ಲ. ನಮ್ಮದು ನಾಲ್ಕು ದನಿಯಲ್ಲಿ ಹಾಡುವ ಜನ. ನಮ್ಮಲ್ಲಿ ತೊಟ್ಟಿಲ ಕೂಸೂ ತನ್ನ ದನಿ ಯಾವುದೆಂದು ನೋಡಿಕೊಂಡೇ ಅಳುತ್ತದೆ. ಗಂಡಸರನ್ನು ಒಂದು ಸಾಲಿನುದ್ದಕ್ಕೂ ಬಾಯಿ ಮುಚ್ಚಿಸಿ ನಿಲ್ಲಿಸುವ ರಾಗವನ್ನು ಸಮಿತಿ ಒಪ್ಪುತ್ತಿರಲಿಲ್ಲ.

ಮುದ್ರಣ ಮುಗಿದಿದೆ. ತಮ್ಮ ಕಣಿವೆಯ ರಾಗವೊಂದು ದೇಶದ ತುಂಬ ಹಾಡಲ್ಪಡುತ್ತದೆಂದು ಸಂತೋಷಪಡಬೇಕಾಗಿ ವಿನಂತಿ. ಹಬ್ಬಕ್ಕೆ ನಾನೂ ಆಹ್ವಾನಿತ. ಆಗ ಭೇಟಿಯಾಗೋಣ.

ಕ್ರಿಸ್ತನಲ್ಲಿ ತಮ್ಮ ವಿಶ್ವಾಸಿ,
ಪೆರೆದೂರ್ ಗೆಥಿನ್


ಕುಮ್-ಗಾರೆಗ್
೨೪ ಫೆಬ್ರವರಿ ೧೯೨೭

ಕಾತ್ರಿನ್,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಹಾಕಲು ಕೈ ಬರಲಿಲ್ಲ.

'ವಿಶ್ವಾಸಾರ್ಹರೊಬ್ಬರ ಬಾಯಿ' ಯಾರದೆಂದು ತಿಳಿಯಲು ನಾನು ಪಂಡಿತಳಾಗಬೇಕಿಲ್ಲ. ನಿನ್ನ ಗಂಡನ ಮನೆಯಲ್ಲಿ ಈ ರಾಗ ಬಲ್ಲ ಬಾಯಿ ಒಂದೇ. ಅಂದು ಅದು ಮುಗಿಯುವವರೆಗೆ ಕೂತು ಕೇಳುವಷ್ಟು ತಾಳ್ಮೆ ನಿನಗಿರಲಿಲ್ಲ. ಇಂದು ಅದನ್ನು ಕದ್ದು ಗಂಡನ ಕೈಗೆ ಹಾಕುವಷ್ಟು ನೆನಪಿದೆಯೇ? ಮರೆತಿರುವುದನ್ನು ನಾನು ನೆನಪಿಸುತ್ತೇನೆ, ಕೇಳು.

ನಿನ್ನ ಅಣ್ಣ ಇದ್ವಾಲನ ತಂಡದಲ್ಲಿ ಐದು ಜನ. ಐವರೂ ಮಂದ್ರದವರು. ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಹಾಡುವವರು ಸೋಮವಾರ ಒಂದೇ ಬಂಡೆಯನ್ನು ಗುತ್ತಿಗೆ ಹಿಡಿದು ಒಡೆಯುವುದು ನಮ್ಮ ಗಣಿಯ ಪದ್ಧತಿ. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುತ್ತದೆ, ಅಪಾಯ ಕಡಿಮೆ ಎನ್ನುತ್ತಿದ್ದರು. ಬಂಡೆ ಕುಸಿದಾಗ ಬೆಂಚಿಗೆ ಬೆಂಚೇ ಹೋಯಿತು.

ನನಗೆ ಮದುವೆಯಾಗಿ ಒಂದು ವರ್ಷವಾಗಿತ್ತು. ಆ ವಾರವೆಲ್ಲ ಮನೆಗೆ ಬಂದವರು ಚಹಾ ಮಾಡಿ ಕುಡಿಸಿದರು, ಒಣದ್ರಾಕ್ಷಿಯ ರೊಟ್ಟಿ ತಂದಿಟ್ಟರು, ಅಳು ಅಂದರು. ನನಗೆ ಅಳು ಬರಲಿಲ್ಲ, ಈ ರಾಗ ಬಂತು. ಮೂರನೆಯ ಸಾಲಿಗೆ ಬಂದಾಗ ಎಡಗಡೆಯ ಆ ಬೆಂಚನ್ನು ನೆನೆದು ಮಂದ್ರವನ್ನು ಬರೆಯದೆ ಬಿಟ್ಟೆ. ನಾಲ್ಕನೆಯ ಸಾಲಿಗೆ ಮತ್ತೆ ಬರೆದೆ, ಏಕೆಂದರೆ ಉಳಿದ ಗಂಡಸರು ಸೋಮವಾರ ಗಣಿಗೆ ಹೋಗಲೇಬೇಕಿತ್ತು. ಅಂದಿನಿಂದ ಆ ಸಾಲಿನಲ್ಲಿ ನನ್ನ ಕಾಲೂ ಆರ್ಗನ್ನಿನಲ್ಲಿ ಮಂದ್ರ ನುಡಿಸುವ ಪೆಡಲುಗಳನ್ನು ಮುಟ್ಟಿಲ್ಲ. ಎರಡೂ ಕಾಲನ್ನು ಎತ್ತಿ ಬೆಂಚಿನ ಅಡ್ಡಪಟ್ಟಿಯ ಮೇಲಿಟ್ಟುಕೊಂಡು ಕೈಯಿಂದಷ್ಟೇ ನುಡಿಸುತ್ತೇನೆ.

ನೆನಪಿನ ಪ್ರಾರ್ಥನೆಯ ದಿನ ಅದನ್ನು ಮೊದಲ ಸಲ ಹಾಡಿದರು. ಮೂರನೆಯ ಸಾಲು ಬಂತು. ಆರ್ಗನ್ನಿನ ಮೇಲಿನ ಕನ್ನಡಿಯಲ್ಲಿ ನೀನು ಏಳುವುದು ಕಂಡಿತು. ಅದೇ ಕನ್ನಡಿಯಲ್ಲಿ ನಾನು ಪ್ರತಿ ಭಾನುವಾರ ನಿನ್ನ ಅಣ್ಣನನ್ನು ನೋಡಿ ತುಟಿಯಲ್ಲೇ 'ತಡಿಯೋ, ತಡಿಯೋ' ಎಂದು ಗದರುತ್ತಿದ್ದೆ. ಇದ್ವಾಲ್‌ಗೆ ಯಾವುದಕ್ಕೂ ತಾಳ್ಮೆಯಿರಲಿಲ್ಲ, ನಿನಗೂ ಇಲ್ಲ. ಇಡೀ ಸಭೆ ಹಾಡುತ್ತಿರುವಾಗ ನೀನು ಹೊರಟುಹೋದೆ, ಬಾಗಿಲನ್ನು ಬಡಿದುಕೊಂಡು ಹೋದೆ. ಆ ವಾರವೇ ಊರನ್ನೂ ಬಿಟ್ಟೆ. ನಿನ್ನ ಅಣ್ಣನಿಗಾಗಿ ನಾನು ಮಾಡಿದ್ದು ಅದೊಂದೇ. ಅದರ ಮುಖಕ್ಕೆ ನೀನು ಬಾಗಿಲು ಹಾಕಿದೆ.

ಈಗ ಅದನ್ನೇ ಎತ್ತಿಕೊಂಡು ಹೋಗಿ, ನನ್ನ ಹೆಸರನ್ನು ಹೂತು, ಹೂಂಗುಟ್ಟುವ ಒಂದು ಮಂದ್ರವನ್ನು ತುರುಕಿದ್ದೀಯ. ಏಕೆಂದು ಹೇಳುವಷ್ಟು ಮರ್ಯಾದೆ ಉಳಿದಿದ್ದರೆ ಹೇಳು.

ಮಾರೆಡ್ ಪೆನ್ರಿ


ಲಿವರ್‌ಪೂಲ್
೧೯ ಏಪ್ರಿಲ್ ೧೯೨೭

ಅತ್ತಿಗೆ,

ನಿಮ್ಮ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಉತ್ತರ ಬರೆದು ಬರೆದು ಒಲೆಗೆ ಹಾಕಿದೆ. ಇದನ್ನು ತಿರುಗಿ ಓದದೆ ಅಂಚೆಗೆ ಹಾಕುತ್ತೇನೆ, ಓದಿದರೆ ಇದೂ ಒಲೆಗೇ ಹೋಗುತ್ತದೆ.

ಕದ್ದೆ ಎಂದಿರಿ. ಪಾತ್ರೆ ತೊಳೆಯುವಾಗ ಗುನುಗಿದೆ, ಅಷ್ಟೇ. ಎಷ್ಟೋ ವರ್ಷದಿಂದ ಗುನುಗುತ್ತಿದ್ದೇನೆ. ಒಂದು ದಿನ ಇವರು ಬಾಗಿಲಲ್ಲಿ ಬಂದು ನಿಂತರು.

"ಇದ್ಯಾವ ರಾಗ? ಎಲ್ಲೂ ಕೇಳಿಲ್ವಲ್ಲ."

"ನಮ್ಮೂರಿಂದು."

"ಯಾರು ಕಟ್ಟಿದ್ದು?"

ನಾನು ಬಾಣಲೆ ಉಜ್ಜುತ್ತಾ ನಿಂತೆ. ನಿಮ್ಮ ಹೆಸರು ಹೇಳಿದರೆ ಅಣ್ಣನ ಹೆಸರು ಹೇಳಬೇಕಿತ್ತು. ಅಣ್ಣನ ಹೆಸರು ಹೇಳಿದರೆ ಆ ದಿನದ ವಿಷಯ ಬರುತ್ತಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ನಾನು ಇವರಿಗೆ ಹೇಳಿಲ್ಲ. ಗಣಿಯಲ್ಲಿ ಅಣ್ಣನೊಬ್ಬ ತೀರಿಕೊಂಡ ಎಂದು ಮಾತ್ರ ಗೊತ್ತು. ಪುಸ್ತಕಕ್ಕೆ ಹಾಕುತ್ತಾರೆಂದು ತಿಳಿದ ಮೇಲಾದರೂ ನಿಮ್ಮ ಹೆಸರು ಹೇಳಬೇಕಿತ್ತು. ಅದಕ್ಕೆ ನೀವು ಬೈಯಿರಿ, ತಲೆ ಬಗ್ಗಿಸುತ್ತೇನೆ.

ಮೂರನೆಯ ಸಾಲಿಗೆ ಬೈದರೆ ಬಗ್ಗಿಸುವುದಿಲ್ಲ.

ಆ ಸಾಲಿನಲ್ಲಿ ಅವನ ಬಾಯಿ ಮುಚ್ಚಿಸುವ ಮೊದಲು ನನ್ನನ್ನು ಕೇಳಿದಿರಾ? ಅಮ್ಮನನ್ನು ಕೇಳಿದಿರಾ? ಅವನು ನಿಮಗೆ ಒಂದು ವರ್ಷ ಗಂಡ. ನನಗೆ ಹತ್ತೊಂಬತ್ತು ವರ್ಷ ಅಣ್ಣ. ಅವನ ಹೆಗಲ ಮೇಲೆ ಕೂತು ಆ ಮಂದಿರಕ್ಕೆ ಹೋದವಳು ನಾನು. ಅವನ ಕತ್ತಿಗೆ ಕಿವಿ ಆನಿಸಿ ಅವನು ಹಾಡುವುದನ್ನು ಕೇಳಿದವಳು. ಗಣಿ ಒಂದು ಸಲ ಅವನ ಬಾಯಿ ಮುಚ್ಚಿಸಿತು. ನೀವು ಪ್ರತಿ ವರ್ಷ ಮುಚ್ಚಿಸಿದಿರಿ, ಊರೆಲ್ಲ ನಿಮ್ಮನ್ನು ಭೇಷ್ ಅಂದಿತು!

ನಾನು ಎದ್ದುಹೋದದ್ದೇಕೆಂದು ಊರು ಏನೇನು ಆಡಿಕೊಂಡಿತೆಂದು ಗೊತ್ತು. ಕೇಳಿ, ಈಗ ಹೇಳುತ್ತೇನೆ. ಮೂರನೆಯ ಸಾಲಿನಲ್ಲಿ ಎಲ್ಲರಿಗೂ ಮೌನ ಕೇಳಿಸಿತಂತೆ. ನನಗೆ ಅವನು ಹಾಡುವುದು ಕೇಳಿಸಿತು. ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ, ಸ್ಪಷ್ಟವಾಗಿ. ತಿರುಗಿ ನೋಡಿದೆ. ಬೆಂಚು ಖಾಲಿ. ಅದಕ್ಕೇ ಹೋದೆ, ಅತ್ತಿಗೆ. ಬಾಗಿಲು ಬಡಿದದ್ದು ಗಾಳಿ.

ಅಂದು ಕೇಳಿಸಿದ್ದನ್ನೇ ಇಂದಿಗೂ ಗುನುಗುತ್ತೇನೆ. ಇವರು ಬರೆದುಕೊಂಡದ್ದು ಅದನ್ನೇ. ಒಂದು ಮಾತ್ರೆಯನ್ನೂ ಸರಿಸಲು ನಾನು ಬಿಡಲಿಲ್ಲ. ನೀವು ಆ ಸಾಲನ್ನು ಕಣ್ಣಿನಿಂದ ಓದಿ ಬೈದಿದ್ದೀರಿ. ಒಮ್ಮೆ ಕಾಲು ಕೆಳಗಿಟ್ಟು ನುಡಿಸಿ ನೋಡಿ. ಆಮೇಲೆ ಬೇಕಾದ್ದು ಬರೆಯಿರಿ.

ಕಾತ್ರಿನ್


ಕುಮ್-ಗಾರೆಗ್
೨ ಮೇ ೧೯೨೭

ಕಾತ್ರಿನ್,

ನುಡಿಸುವುದಿಲ್ಲ.

ಹತ್ತೊಂಬತ್ತು ವರ್ಷ ದೊಡ್ಡದೋ ಒಂದು ವರ್ಷ ದೊಡ್ಡದೋ ಎಂದು ತಕ್ಕಡಿ ಹಿಡಿದು ಕೂತಿದ್ದೀಯಾ? ಆ ಒಂದು ವರ್ಷದ ಮೇಲೆ ನಾನು ಇಪ್ಪತ್ತಾರು ವರ್ಷ ಅವನ ಹೆಂಡತಿಯಾಗಿಯೇ ಈ ಊರಿನಲ್ಲಿ ಉಳಿದೆ. ನಿಮ್ಮ ಅಮ್ಮನ ಕಣ್ಣು ಮುಚ್ಚಿದವಳು ನಾನು. ನೀನು ಬರಲಿಲ್ಲ.

ನಿನ್ನ ಪುಸ್ತಕ ಇಲ್ಲಿ ಮಾಡಿದ ಅವಾಂತರವನ್ನೂ ಕೇಳು. ಹಬ್ಬಕ್ಕಾಗಿ ವಾರವಾರ ತಾಲೀಮು ನಡೆಯುತ್ತಿದೆ. ನಮ್ಮ ಗಂಡಸರು ಪುಸ್ತಕದ ಸರಿಗಮ ಅಕ್ಷರ ನೋಡಿಕೊಂಡು ಹಾಡುವವರು. ಅಕ್ಷರ ಇದ್ದಲ್ಲಿ ಬಾಯಿ ತೆರೆಯುತ್ತಾರೆ. ಹೋದ ಗುರುವಾರ ಈ ರಾಗವನ್ನು ಮೊದಲ ಸಲ ಎತ್ತಿಕೊಂಡು ಮೂರನೆಯ ಸಾಲಿಗೆ ಬಂದರೆ ಎಡಗಡೆಯಿಂದ ನಿನ್ನ ಗುನುಗು ಶುರು. ಕೈ ನಿಲ್ಲಿಸಿ ಎದ್ದು ನಿಂತು, "ಯಾರದು?" ಎಂದೆ. ಎದ್ದವನು ಗ್ಲಿನ್. ಗಣಿಯಲ್ಲಿ ಅವರಪ್ಪ ಇದ್ವಾಲನ ಪಕ್ಕದಲ್ಲಿದ್ದ. ಇವನು ಆಗ ತಾಯಿಯ ಹೊಟ್ಟೆಯಲ್ಲಿದ್ದ.

"ಪುಸ್ತಕದಲ್ಲಿದೆ, ಅಕ್ಕ."

"ಪುಸ್ತಕ ಸುಳ್ಳು ಹೇಳತ್ತೆ. ಇಲ್ಲಿ ಮಂದ್ರದೋರು ಸುಮ್ನಿರ್ಬೇಕು. ನಿಮ್ಮಪ್ಪನಿಗಾಗಿ ಸುಮ್ನಿರು."

"ಚಿಕ್ಕಂದಿನಿಂದ ಸುಮ್ನೇ ಇದ್ದೆ. ಬೇರೆಯೋರು ಅಪ್ಪನ ದನಿ ಕೇಳಿದಾರೆ, ಸುಮ್ನಿದ್ರೆ ಅವ್ರಿಗೆ ಏನಾದ್ರೂ ನೆನಪಾಗತ್ತೆ. ನಾನು ಕೇಳೇ ಇಲ್ಲ. ನಾನು ಸುಮ್ನಿದ್ರೆ ನಂಗೇನೂ ಕೇಳ್ಸಲ್ಲ, ಅಕ್ಕ."

ಸಿಲಿನ್, "ಒಳ್ಳೆ ಪೇಚಾಟ," ಎಂದು ಗೊಣಗಿ ಕಿಟಕಿಯ ಹತ್ತಿರ ಹೋದ. ನಾನು ಆರ್ಗನ್ನಿನ ಮುಚ್ಚಳ ಹಾಕಿ ಮನೆಗೆ ಬಂದೆ. ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡೆ. ನಾನು ಕಟ್ಟಿಕೊಟ್ಟ ಮೌನವನ್ನು ನನ್ನ ಮಂದಿರದಲ್ಲೇ ನನ್ನ ಎದುರಿಗೇ ಬೇಡ ಎನ್ನುವವರಾದರು. ನಿನ್ನಿಂದ.

ಹಬ್ಬದಲ್ಲಿ ಆ ಸಾಲು ನಾನು ಬರೆದಂತೆಯೇ ಆಗುತ್ತದೆ. ಇಲ್ಲವಾದರೆ ಆ ಆರ್ಗನ್ನನ್ನು ನಾನು ಇನ್ನು ಮುಟ್ಟುವುದಿಲ್ಲ.

ಮಾರೆಡ್


ಲಿವರ್‌ಪೂಲ್
೨೧ ಮೇ ೧೯೨೭

ಅತ್ತಿಗೆ,

ಅಮ್ಮ ಹೋದಾಗ ನಾನು ಬರಬೇಕಿತ್ತು.

ಇವರಿಗೆ ಎಲ್ಲವನ್ನೂ ಹೇಳಿದೆ, ಅಂದು ನನಗೆ ಕೇಳಿಸಿದ್ದೊಂದನ್ನು ಬಿಟ್ಟು. ಊಟದ ಮೇಜಿನಲ್ಲಿ, ಇಬ್ಬರು ಪಾದ್ರಿಗಳು ಅತಿಥಿಗಳಾಗಿ ಕೂತಿರುವಾಗಲೇ ಹೇಳಿದೆ. ಒಬ್ಬರೇ ಇದ್ದಾಗ ಹೇಳಿದ್ದರೆ ಮಾತು ತಿರುಗಿಸುತ್ತಿದ್ದರು. ಇವರು ಚಮಚ ಕೆಳಗಿಟ್ಟರು.

"ಅಚ್ಚಾಗಿರೋದನ್ನ ನಾನು ಹೇಗೆ ಅಳಿಸ್ಲಿ, ಕಾತ್ರಿನ್?" ಎಂದರು.

"ಬಾಗಿಲ ಮೇಲಿದ್ದ ಹೆಸರನ್ನ ರಾಗಕ್ಕೆ ಹಚ್ಚೋಕೆ ಬಂತಲ್ಲ? ತೆಗೆಯೋಕೂ ಬರತ್ತೆ," ಎಂದೆ. ಅಂದಿನಿಂದ ಮಾತು ಕಡಿಮೆ. ಆದರೆ ಆ ಪುಟವನ್ನು ತೆರೆದಿಟ್ಟುಕೊಂಡು ಕೂತಿರುವುದನ್ನು ಎರಡು ಸಲ ನೋಡಿದೆ. ಕೆಟ್ಟವರಲ್ಲ. ಹೆಮ್ಮೆ ಜಾಸ್ತಿ.

ಹಬ್ಬಕ್ಕೆ ಅವರು ಬರುತ್ತಾರೆ. ನಾನು ಬರುವುದಿಲ್ಲ. ನೀವು ಹಟ ಗೆದ್ದರೆ ಆ ಸಾಲು ಖಾಲಿ ಇರುತ್ತದೆ. ಮತ್ತೆ ಎದ್ದುಹೋಗುವ ಶಕ್ತಿ ನನ್ನ ಕಾಲಿಗಿಲ್ಲ.

ನೀವು ನುಡಿಸಲಿಲ್ಲವೆಂದು ಗೊತ್ತು. ನುಡಿಸಿದ್ದರೆ ಹಾಗೆ ಬರೆಯುತ್ತಿರಲಿಲ್ಲ.

ಕಾತ್ರಿನ್


ಕುಮ್-ಗಾರೆಗ್
೮ ಜೂನ್ ೧೯೨೭

ಕಾತ್ರಿನ್,

ಹಬ್ಬ ಮುಗಿಯಿತು. ನಿನ್ನ ಗಂಡ ಅವರ ಪಾಡಿಗೆ ಒಂದು ಕಥೆ ಹೇಳಿರುತ್ತಾರೆ. ಇದು ನನ್ನದು.

ಬೆಳಿಗ್ಗೆಯೇ, ಎಲ್ಲ ಸಭೆಗಳನ್ನೂ ಮುಂದೆ ನಿಂತು ಹಾಡಿಸುವ ಸಂಗೀತದ ಡಾಕ್ಟರ್ ಅನೈರಿನ್ ಹತ್ತಿರ ಹೋಗಿ, ಮೂರನೆಯ ಸಾಲಿನಲ್ಲಿ ಮಂದ್ರ ಬೇಡ ಎಂದೆ. ಪುಸ್ತಕ ತೋರಿಸಿದ. ಹಾಗಾದರೆ ಆರ್ಗನ್ ನುಡಿಸಲು ಬೇರೆಯವರನ್ನು ಹುಡುಕಿಕೊಳ್ಳಿ ಎಂದೆ. ಆ ಹೊತ್ತಿಗೆ ಕಣಿವೆಯ ಎಲ್ಲ ಸಭೆಗಳೂ ಬಂದಾಗಿತ್ತು. ಮಹಡಿಯ ಮೆಟ್ಟಿಲ ಮೇಲೂ ಜನ ಕೂತಿದ್ದರು. ಅವನು ಬೆವರು ಒರೆಸಿಕೊಂಡ. ಕೊನೆಗೆ ಒಪ್ಪಂದವಾಯಿತು: ಮೂರು ಚರಣ ಪುಸ್ತಕದಂತೆ, ಕೊನೆಯ ಚರಣ ನನ್ನಂತೆ. ಹಾಗೆಂದು ಅವನೇ ಎಲ್ಲರಿಗೂ ಸಾರಿದ. ಗೆದ್ದೆ ಎಂದುಕೊಂಡೆ. ಹಿರಿಯರ ಸಾಲಿನಲ್ಲಿ ಕೂತಿದ್ದ ನಿನ್ನ ಗಂಡನ ಕಡೆ ಒಮ್ಮೆ ನೋಡಿದೆ. ಅವರು ತಲೆ ತಗ್ಗಿಸಿ ಬೂಟು ನೋಡಿಕೊಳ್ಳುತ್ತಿದ್ದರು.

ಮೊದಲ ಚರಣ. ಆ ಗುರುವಾರದ ನಂತರ ಈ ರಾಗದ ತಾಲೀಮಿಗೆ ನಾನು ಕೂತೇ ಇರಲಿಲ್ಲ. ಮೂರನೆಯ ಸಾಲಿಗೆ ನಾನು ಎಂದಿನಂತೆ ಎರಡೂ ಕಾಲು ಎತ್ತಿಕೊಂಡೆ. ಹಾಡುವವರು ಹಾಡಿಕೊಳ್ಳಲಿ, ನನ್ನ ಕಾಲು ಅದಕ್ಕೆ ಸೇರುವುದಿಲ್ಲ ಎಂದುಕೊಂಡೆ. ಹಿಂದಿನಿಂದ ಆ ಮಂದ್ರ ಎದ್ದಿತು. ಕಣಿವೆಯ ಅಷ್ಟೂ ಗಂಡಸರು ಕೆಳಕ್ಕೆ ಬಿದ್ದರು, ಅಲ್ಲಿಂದ ಅವಸರವಸರವಾಗಿ ಹತ್ತಿದರು, ಎಲ್ಲರಿಗಿಂತ ಒಂದು ಮಾತ್ರೆ ಮೊದಲೇ ಹೋಗಿ ಕೊನೆಯ ಸ್ವರದ ಮೇಲೆ ಕೂತರು.

"ತಡಿಯೋ!" ಎಂದು ನನ್ನ ಬಾಯಿ ಗದರಿತು.

ಗಟ್ಟಿಯಾಗಿಯೇ ಅಂದುಬಿಟ್ಟೆ, ಕಾತ್ರಿನ್. ಅನೈರಿನ್ ಬೆಚ್ಚಿ ತಿರುಗಿದ್ದು ಕನ್ನಡಿಯಲ್ಲಿ ಕಂಡಿತು. ಆಮೇಲಷ್ಟೇ ನನಗೆ ತಿಳಿಯಿತು, ಯಾರನ್ನು ಗದರಿದೆ ಎಂದು. ಇದನ್ನು ನಾನೇ ನಿನ್ನ ಗಂಡನಿಗೆ ಬರೆದು ಹೀಗಳೆದಿದ್ದೆನಲ್ಲ? ಅವಸರದ ನೆಂಟ ಎಂದೆ. ನಮ್ಮ ಮನೆಯಲ್ಲಿ ಅಡುಗೆಯಾಗುವ ಮೊದಲೇ ಊಟಕ್ಕೆ ಕೂರುತ್ತಿದ್ದವನು ಇನ್ನಾರು? ಸಿಟ್ಟಿನಲ್ಲಿ ನನ್ನ ಕಿವಿಯೇ ಮುಚ್ಚಿಹೋಗಿತ್ತು. ನೀನು ಎರಡು ಸಲ ಹೇಳಿದರೂ ನುಡಿಸದೆ ಕೂತೆ. ನುಡಿಸಿದ್ದರೆ ನನ್ನ ಮನೆಯಲ್ಲೇ, ಯಾರೂ ನೋಡದ ಹಾಗೆ ಆಗುತ್ತಿದ್ದದ್ದು ಊರೆಲ್ಲರ ಎದುರಿಗೆ ಆಯಿತು. ಅದಕ್ಕೂ ನಿನ್ನ ಮೇಲೆಯೇ ಸಿಟ್ಟು ಬರುತ್ತಿದೆ.

ಎರಡನೆಯ ಚರಣದಲ್ಲೂ ಅವನು ಬಂದ. ಮೂರನೆಯದರಲ್ಲೂ ಬಂದ. ಅವಸರ ಬಿಡಲೇ ಇಲ್ಲ.

ಆಮೇಲೆ ಕೊನೆಯ ಚರಣ, ನಾನು ಹಟ ಮಾಡಿ ಗಿಟ್ಟಿಸಿಕೊಂಡದ್ದು. ಮೂರನೆಯ ಸಾಲು ಬಂತು. ಅಷ್ಟೂ ಗಂಡಸರು ಬಾಯಿ ಮುಚ್ಚಿದರು. ಗ್ಲಿನ್ ಪುಸ್ತಕವನ್ನೇ ಮುಚ್ಚಿ ನನ್ನ ಬೆನ್ನನ್ನು ನೋಡುತ್ತಾ ನಿಂತ. ಮೇಲಿನ ಮೂರು ದನಿಗಳು ಹೊರಟವು. ನಾನು ಇಷ್ಟು ವರ್ಷ ಕಾದುಕೊಂಡು ಬಂದ ಮೌನ ಅದರ ಕೆಳಗೆ ಇತ್ತು. ಅದರಲ್ಲಿ ನನಗೆ ಏನೂ ಕೇಳಿಸಲಿಲ್ಲ, ಕಾತ್ರಿನ್. ಗ್ಲಿನ್ ಹೇಳಿದ ಹಾಗೇ, ಏನೂ ಇಲ್ಲ. ಎಷ್ಟು ವರ್ಷದಿಂದ ಹಾಗಿತ್ತೋ ಗೊತ್ತಿಲ್ಲ. ನಾನು ಕೇಳಿಸುತ್ತದೆಂದೇ ನಂಬಿಕೊಂಡಿದ್ದೆ.

ನನ್ನ ಎಡಗಾಲು ಅಡ್ಡಪಟ್ಟಿಯಿಂದ ಕೆಳಗಿಳಿಯಿತು. ನಾನು ಇಳಿಸಿದೆ ಎನ್ನಲಾರೆ. ಕೆಳಗಿನ ಸ್ವರಕ್ಕೆ ಹೋಯಿತು, ಅಲ್ಲಿಂದ ಹತ್ತಿತು, ಬಲಗಾಲೂ ಸೇರಿತು. ಆ ಸಾಲನ್ನು ಒಬ್ಬಳೇ ಪೂರ್ತಿ ನುಡಿಸಿದೆ, ಹಾಡುವವರಿಲ್ಲದ ಮಂದ್ರವನ್ನು. ಮಂದಿರದ ಹಲಗೆಗಳು ನಡುಗುವ ಹಾಗೆ ನುಡಿಸಿದೆ. ಆಮೇಲೆ ಅತ್ತೆ. ಆಗ ಬಾರದ ಅಳು ಈಗ ಬಂತು, ನಾಲ್ಕನೆಯ ಸಾಲು ಹೇಗೆ ಮುಗಿಯಿತೋ ನನಗೆ ತಿಳಿಯದು.

ನಿನ್ನ ಗಂಡನೂ ಅತ್ತರೆಂದು ಸಿಲಿನ್ ಹೇಳುತ್ತಾನೆ. ನಾನು ನೋಡಲಿಲ್ಲ, ನೋಡಿದ್ದರೂ ಬಿಡುತ್ತಿರಲಿಲ್ಲ. ಹೊರಬಾಗಿಲಲ್ಲಿ ಹಿಡಿದು ನಿಲ್ಲಿಸಿದೆ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು.

"ಮುಂದಿನ ಮುದ್ರಣದಲ್ಲಿ ಏನು ಹಾಕ್ಬೇಕು ಹೇಳಿ, ಮಿಸೆಸ್ ಪೆನ್ರಿ."

"ರಾಗದ ಹೆಸರು ನಂತ್-ಓಯರ್. ಕಟ್ಟಿದೋರು ಮಾರೆಡ್ ಪೆನ್ರಿ. ಸುಗ್ಗಿ ಪದ್ಯ ಬೇರೆ ಯಾವುದಾದ್ರೂ ರಾಗಕ್ಕೆ ಹೊಂದಿಸ್ಕೊಳ್ಳಿ. ನಿಮ್ಮ ಹೆಸರು ತೆಗೀರಿ."

"ಮೂರನೇ ಸಾಲಿನ ಮಂದ್ರ? ಅದನ್ನೂ ತೆಗೀಲಾ?"

"ಅದಿರಲಿ. ಅದ್ರ ಕೆಳಗೆ ಇದ್ವಾಲ್ ಪೆನ್ರಿ ಅಂತ ಹಾಕಿ."

"ಅಲ್ಲಮ್ಮ, ಸತ್ತವರಿಗಾಗಿ ಕಟ್ಟಿದ ರಾಗ ಅಂತ ನೀವೇ ಬರೆದಿದ್ರಿ. ಅದರಲ್ಲಿ ಅವರು ಹೇಗೆ..."

"ಮನೆಗೆ ಹೋಗಿ ನಿಮ್ಮ ಹೆಂಡತೀನ ಕೇಳಿ."

ಕೇಳಿದರೆ ಹೇಳು. ಹೇಳದೆ ಬಾಣಲೆ ಉಜ್ಜುತ್ತಾ ನಿಲ್ಲಬೇಡ. ಮಾತು ಕೊಟ್ಟು ಹೋಗಿದ್ದಾರೆ. ಅಚ್ಚಾಗಿ ಬರುವವರೆಗೆ ನಾನು ನಂಬುವುದಿಲ್ಲ.

ನನ್ನ ಹೆಸರನ್ನು ಮುಚ್ಚಿಟ್ಟದ್ದಕ್ಕೆ ನಿನ್ನನ್ನು ಇನ್ನೂ ಕ್ಷಮಿಸಿಲ್ಲ. ಕಾಗದದಲ್ಲಿ ಬೈದರೆ ಸಾಲುವುದಿಲ್ಲ, ಎದುರಿಗೆ ಕೂರಿಸಿಕೊಂಡು ಬೈಯಬೇಕು. ಬೇಸಗೆ ಮುಗಿಯುವುದರೊಳಗೆ ಬಾ. ಅಮ್ಮನ ಸಮಾಧಿಗೂ ಹೋಗೋಣ. ಬಾಗಿಲನ್ನು ಹಿಡಿದುಕೊಂಡು ಹಾಕು, ಇಲ್ಲಿ ಗಾಳಿ ಈಗಲೂ ಹಾಗೇ ಇದೆ.

ಮರೆತೆ. ಎಲ್ಲ ಮುಗಿದು ಚಹಾ ಕುಡಿಯುವಾಗ ಅನೈರಿನ್ ಬಟ್ಟಲು ಹಿಡಿದುಕೊಂಡು ನನ್ನ ಬಳಿ ಬಂದ. ಪಾಪ, ಬಹಳ ಮೆತ್ತಗೆ ಕೇಳಿದ.

"ಮಿಸೆಸ್ ಪೆನ್ರಿ, ಬೇಡ ಅಂತ ಹಟ ಮಾಡಿದೋರೂ ನೀವೇ, ನುಡಿಸಿದೋರೂ ನೀವೇ. ಅದೂ ಹೋಗಲಿ. ಇಷ್ಟು ವರ್ಷ ಆರ್ಗನ್ ನುಡಿಸಿದೋರು, ಕೊನೇ ಸ್ವರಕ್ಕೆ ಒಂದು ಮಾತ್ರೆ ಮೊದಲೇ ಬಂದ್ಬಿಟ್ರಲ್ಲ?"

"ಬಂದಿದ್ದು ನಾನಲ್ಲ. ಅವನು ಯಾವಾಗ್ಲೂ ಹಾಗೇ," ಎಂದೆ.

ನಿನ್ನ ಅತ್ತಿಗೆ,
ಮಾರೆಡ್